ನೂಲರಸಿ ಮತ್ತು ಒಕ್ಕಣ್ಣ ಕುದುರೆಗಳು

ಬಹಳ ಬಹಳ ಹಿಂದೆ, ಕಲ್ಲು ಇನ್ನೂ ಮೆತ್ತಗಿದ್ದ ಕಾಲದಲ್ಲಿ, ನೂರ್ಮೆಟ್ಟಿಲು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ನದಿಯಿಲ್ಲ, ಕೆರೆಯಿಲ್ಲ, ಇದ್ದದ್ದು ಒಂದೇ ಬಾವಿ. ಹಗ್ಗ ಬಿಟ್ಟು ಸೇದುವ ಬಾವಿಯಲ್ಲ, ನೂರು ಮೆಟ್ಟಿಲು ಇಳಿದು ಹೋಗುವ ಬಾವಿ, ಅರಮನೆಯ ಅಂಗಳದಷ್ಟು ಅಗಲ. ಅದಕ್ಕೊಂದು ಕಟ್ಟಳೆಯಿತ್ತು. ನೀರಿಗೆ ಹೋದವರು ಮೊದಲು ಮೊಣಕಾಲುದ್ದ ನೀರಿಗಿಳಿದು ನಿಲ್ಲಬೇಕು, ಆಮೇಲೆ ಕೊಡ ಮುಳುಗಿಸಬೇಕು. ದೂರ ನಿಂತು ನೀರು ತೆಗೆದರೆ ಗಂಗಮ್ಮನಿಗೆ ಅವಮಾನ. ತಾಯಿಯ ಮಡಿಲು ಮುಟ್ಟದೆ ಹಾಲು ಕುಡಿಯುವ ಕೂಸು ಎಲ್ಲಾದರೂ ಉಂಟೇ ಎಂದು ಹಿರಿಯರು ಕೇಳುತ್ತಿದ್ದರು. ಮಾತು ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಆ ರಾಜ್ಯದ ಮೇಲೆ ಮಾಯಾವಿನಿಯೊಬ್ಬಳ ಕಣ್ಣು ಬಿದ್ದಿತ್ತು. ಪ್ರತಿ ಬೇಸಿಗೆ, ಬಾವಿಯ ನೀರು ತಳ ಹಿಡಿಯುವ ಹೊತ್ತಿಗೆ, ಜನರ ಕಾಲಲ್ಲಿ ಬೆಂಕಿಯಂಥ ಬೊಕ್ಕೆ ಏಳುತ್ತಿತ್ತು. ಬೊಕ್ಕೆ ಒಡೆದರೆ ಒಳಗಿಂದ ಬಿಳಿಯ ನೂಲೊಂದು ತಲೆ ಹಾಕುತ್ತಿತ್ತು. ಎರಡು ಮೊಳದ ನೂಲು, ಜೀವವಿರುವ ನೂಲು. ಅದನ್ನು ಕಳಿಸುವವಳಿಗೆ ಜನ ನೂಲರಸಿ ಎಂದು ಹೆಸರಿಟ್ಟಿದ್ದರು. ಉರಿ ತಾಳಲಾರದವರಿಗೆ ಇದ್ದದ್ದು ಒಂದೇ ಆಸರೆ, ಬಾವಿಯ ತಣ್ಣೀರು. ಕಾಲು ಉರಿದವರನ್ನು ಕಂಡರೆ ಊರವರ ಕರುಳು ಚುರ್ ಎನ್ನುತ್ತಿತ್ತು. ಸಾಲಿನಲ್ಲಿದ್ದವರು ಪಕ್ಕಕ್ಕೆ ಸರಿದು, ಕಂಕುಳಿಗೆ ಕೈ ಕೊಟ್ಟು, ಅವರನ್ನು ನೀರಿಗೆ ಇಳಿಸುತ್ತಿದ್ದರು. ಅಷ್ಟು ಒಳ್ಳೆಯ ಜನ ಅವರು.

ಅರಸ ಚಿತ್ರಮಲ್ಲ ನೂಲರಸಿಯನ್ನು ಹಿಡಿಯಲು ಮೂರು ಸಲ ದಂಡು ಕಳಿಸಿದ. ಮೊದಲ ದಂಡು ಏಳು ಗುಡ್ಡ ದಾಟಿ ಬಂತು, ಎರಡನೆಯದು ಏಳು ಕಾಡು ದಾಟಿ ಬಂತು. ಮೂರನೆಯದು ಏಳು ಕಡಲು ದಾಟಿ, ಯಾವುದೋ ಬಡಪಾಯಿ ಗಿಳಿಯೊಂದರ ಕತ್ತು ಮುರಿದು, ಅವಳ ಪ್ರಾಣ ಇದರಲ್ಲೇ ಇತ್ತು ಎಂದು ಮೀಸೆ ತಿರುವಿಕೊಂಡು ಬಂತು. ಮರು ಬೇಸಿಗೆಯಲ್ಲಿ ದಂಡಿನವರ ಕಾಲಲ್ಲೇ ನೂಲು ಎದ್ದಿತು. ಸೋತ ಅರಸ, ನೂಲರಸಿಯನ್ನು ಗೆದ್ದವರಿಗೆ ಅರ್ಧ ರಾಜ್ಯ ಕೊಡುತ್ತೇನೆಂದು ಡಂಗುರ ಸಾರಿಸಿದ.

ಅದೇ ಊರಲ್ಲಿ ಹಾಲವ್ವ ಎಂಬ ನೇಕಾರ ಹೆಣ್ಣುಮಗಳಿದ್ದಳು. ತಂದೆತಾಯಿ ಇಲ್ಲ. ಇದ್ದವನು ತಮ್ಮ ಬಾಳಪ್ಪ ಒಬ್ಬನೇ. ಅವಳು ಕಂಡಿಕೆ ಸುತ್ತುವವಳು, ಎಂದರೆ ಲಾಳಿಯೊಳಗೆ ಕೂರಿಸುವ ಕಡ್ಡಿಗೆ ಎಳೆ ಕಡಿಯದಂತೆ ನೂಲು ಸುತ್ತಿಕೊಡುವವಳು. ಅವನು ಮಗ್ಗ ತುಳಿಯುವವನು. ಹಿಂದಿನ ಬೇಸಿಗೆಯಲ್ಲಿ ಬಾಳಪ್ಪನ ಎಡಗಾಲಲ್ಲಿ ನೂಲು ಎದ್ದಾಗ ಅವನು ಸಿಟ್ಟಿನಿಂದ ಅದನ್ನು ಎಳೆದು ಕಿತ್ತಿದ್ದ. ಅರ್ಧ ಕೈಗೆ ಬಂತು, ಅರ್ಧ ಒಳಗೇ ಉಳಿದು ಕೊಳೆಯಿತು, ಕಾಲು ಸೊಟ್ಟಗಾಯಿತು. ಈ ಬೇಸಿಗೆಯಲ್ಲಿ ಬಲಗಾಲು ಊದಿಕೊಂಡಿತು. ಅದೂ ಹೋದರೆ ಬಾಳಪ್ಪ ಮತ್ತೆ ಏಳುವಂತಿರಲಿಲ್ಲ.

ಹಾಲವ್ವ ಅಳುತ್ತ ಬಾವಿಗೆ ಹೋದಳು. ಸುಡುವ ಮಧ್ಯಾಹ್ನ, ಬಾವಿಯಲ್ಲಿ ನರಪಿಳ್ಳೆಯಿಲ್ಲ. ಕೊನೆಯ ಮೆಟ್ಟಿಲಲ್ಲಿ ಒಂದು ಮುದಿ ಆಮೆ ಕೂತಿತ್ತು. ಹಾಲವ್ವ ಚಿಕ್ಕಂದಿನಿಂದಲೂ ಅದಕ್ಕೆ ದಿನಕ್ಕೊಂದು ಚೂರು ಜೋಳದ ರೊಟ್ಟಿ ಹಾಕುತ್ತಿದ್ದಳು. ಅವತ್ತು ಆಮೆ ರೊಟ್ಟಿ ತಿಂದು ಬಾಯಿ ಬಿಟ್ಟಿತು.

"ಹಾಲವ್ವ, ಇಪ್ಪತ್ತು ವರ್ಷ ನಿನ್ನ ರೊಟ್ಟಿ ತಿಂದೀನಿ. ಇವತ್ತು ಒಂದು ಮಾತು ಹೇಳ್ತೀನಿ, ಕೇಳು. ನೂಲರಸಿ ಅರಮನಿ ಗುಡ್ಡದಾಚೆ ಇಲ್ಲ. ನಿನ್ನ ಕೊಡದಾಗ ಐತಿ."

ಆಕೆಯನ್ನು ಗೆಲ್ಲಲು ಮೂರು ಕೆಲಸ ಮಾಡಬೇಕೆಂದು ಆಮೆ ಹೇಳಿತು. ಮೊದಲನೆಯದು, ಕಣ್ಣು ಮುಚ್ಚದೆ ನೋಡುವುದು. ಎರಡನೆಯದು, ಕೈ ಅವಸರ ಮಾಡದಿರುವುದು. ಮೂರನೆಯದು ಏನೆಂದು ಹಾಲವ್ವ ಕೇಳಿದಳು. ಅದನ್ನು ಈಗಲೇ ಹೇಳಿದರೆ ನೀನು ಇಲ್ಲಿಂದಲೇ ಎದ್ದು ಓಡುತ್ತೀಯೆ ಎಂದು ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಮತ್ತೆ ತಲೆ ಹೊರಗೆ ಬಂದಾಗ ಅದರ ಮೂಗಿನ ತುದಿಯಲ್ಲಿ ಒಂದು ಹನಿ ನೀರಿತ್ತು. ಅದು ಹೋದ ಬೇಸಿಗೆಯ ನೀರು. ಆಮೆ ಅದನ್ನು ಚಿಪ್ಪಿನಲ್ಲಿ ಜೋಪಾನ ಮಾಡಿತ್ತು.

ಹಾಲವ್ವ ಆ ಹನಿಯನ್ನು ಮುಟ್ಟಿದಳು. ಮುಟ್ಟಿದ ಕೂಡಲೇ ಧೂಳಿನ ಕಣಕ್ಕಿಂತ ಸಣ್ಣವಳಾಗಿ ಅದರೊಳಗೆ ಇಳಿದಳು.

ಒಳಗೆ ಒಂದು ಲೋಕವೇ ಇತ್ತು. ಮೇಲೆಲ್ಲ ಹಸಿರು ಬೆಳಕು. ಗಾಜಿನ ಮೈಯ ಕುದುರೆಗಳು ಹಿಂಡುಹಿಂಡಾಗಿ ನೀರನ್ನು ಒದೆಯುತ್ತ ನೆಗೆಯುತ್ತಿದ್ದವು. ಪ್ರತಿಯೊಂದಕ್ಕೂ ಹಣೆಯ ನಡುವೆ ಒಂದೇ ಕೆಂಪು ಕಣ್ಣು. ಹೆಣ್ಣು ಕುದುರೆಗಳ ಎರಡು ಪಕ್ಕಕ್ಕೂ ಮೊಟ್ಟೆ ತುಂಬಿದ ಚೀಲಗಳು ಜೋತಾಡುತ್ತಿದ್ದವು, ಹೇರಿನೆತ್ತಿನ ಬೆನ್ನ ಮೇಲಿನ ಗೋಣಿಗಳ ಹಾಗೆ. ಇಷ್ಟು ಚಂದದ ಪ್ರಾಣಿಗಳನ್ನು ದಿನವೂ ಕಾಣದೆ ಕುಡಿದೆನಲ್ಲ ಎಂದು ಹಾಲವ್ವನಿಗೆ ಮೈ ಜುಮ್ಮೆಂದಿತು. ಅವುಗಳ ಮೇಲೆ ಸಿಟ್ಟು ಬರಲಿಲ್ಲ. ಅವು ಯಾರಿಗೂ ಕೇಡು ಬಯಸಿದ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಆಕಾಶ ಒಡೆದು ಒಂದು ಕಾಲು ಇಳಿಯಿತು. ಗುಡ್ಡದಷ್ಟು ದೊಡ್ಡ ಕಾಲು. ಮೇಲಿಂದ ಜನರ ಸಮಾಧಾನದ ಮಾತು ಗುಡುಗಿನಂತೆ ಕೇಳಿಸುತ್ತಿತ್ತು. ಕಾಲಿನ ಹುಣ್ಣಿನಿಂದ ಬಿಳಿ ನೂಲು ತಲೆ ಚಾಚಿತು. ತಣ್ಣೀರು ತಾಗಿದ್ದೇ ತಡ, ಅದು ಹಾಲಿನಂಥ ಮೋಡವೊಂದನ್ನು ಉಗುಳಿತು. ಮೋಡವೆಂದರೆ ಮೋಡವಲ್ಲ, ಮಕ್ಕಳು. ಲಕ್ಷ ಲಕ್ಷ ಮಕ್ಕಳು, ಒಂದೊಂದೂ ಕೂದಲ ಚೂರಿನಂತೆ ಸುರುಳಿ ಸುತ್ತುತ್ತಿತ್ತು. ಒಕ್ಕಣ್ಣ ಕುದುರೆಗಳು ಹಸಿದು ಬಂದು ಅವನ್ನು ನುಂಗಿದವು. ನುಂಗಿದ ಕುದುರೆಯ ಗಾಜಿನ ಹೊಟ್ಟೆಯೊಳಗೆ ನೂಲಿನ ಮರಿ ಸವಾರನಂತೆ ಕೂತಿರುವುದು ಹಾಲವ್ವನಿಗೆ ಸ್ಪಷ್ಟವಾಗಿ ಕಂಡಿತು. ಹನಿಯೊಳಗೆ ಹದಿನೈದು ದಿನ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಕಳೆದವು. ಮರಿಗಳು ಬಲಿತವು.

ಆಗ ಒಂದು ಕೊಡ ಇಳಿಯಿತು. ಅದನ್ನು ಹಿಡಿದ ಕೈಯ ಮೇಲೆ ಚೇಳಿನ ಹಚ್ಚೆಯಿತ್ತು. ಹಾಲವ್ವ ಕಣ್ಣು ಮುಚ್ಚಬೇಕೆಂದುಕೊಂಡಳು, ಮುಚ್ಚಲಿಲ್ಲ. ಅದು ಅವಳದೇ ಕೈ. ಕುದುರೆಗಳು ಸವಾರರ ಸಮೇತ ಅವಳ ಕೊಡದೊಳಗೆ ನುಗ್ಗಿದವು.

ಹಾಲವ್ವ ಮತ್ತೆ ಮೊದಲಿನ ಗಾತ್ರಕ್ಕೆ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಆ ನೀರನ್ನು ನಾನೂ ಕುಡಿದಿದ್ದೇನಲ್ಲ ಎಂದು ಆಮೆಯನ್ನು ಕೇಳಿದಳು.

"ಕುಡಿದಿ," ಎಂದಿತು ಆಮೆ. "ನಿನ್ನ ಪಾಲಿನ ಕುದುರಿ ಹೊಟ್ಯಾಗ ಸವಾರ ಇರಲಿಲ್ಲ. ಅಷ್ಟ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಏಳು ಕಡಲು ದಾಟಿದ ದಂಡು ಹೊರಡುವ ಮುಂಚೆ ಕುಡಿದದ್ದು ಇದೇ ನೀರನ್ನು.

ಮನೆಗೆ ಬಂದ ಹಾಲವ್ವ ಮೊದಲು ಮಗ್ಗಕ್ಕೆ ಕೈ ಹಾಕಿದಳು. ಕುದುರೆಗಳ ಗಾತ್ರ ಅವಳ ಕಣ್ಣಲ್ಲಿ ಅಳತೆ ಹಾಕಿದಂತೆ ನಿಂತಿತ್ತು. ಎಳೆಗೆ ಎಳೆ ಒತ್ತಿ, ಬೆಳಕು ಸಹ ತಿಣುಕಿ ದಾಟಬೇಕಾದಂಥ ಒಂದು ಬಟ್ಟೆ ನೇಯ್ದು ಕೊಡದ ಬಾಯಿಗೆ ಕಟ್ಟಿದಳು. ನೀರು ಸೋಸಿ ಇಳಿಯಿತು, ಕುದುರೆಗಳು ಬಟ್ಟೆಯ ಮೇಲೆ ಉಳಿದವು. ಇದನ್ನು ಕೇರಿಯವರಿಗೆ ತೋರಿಸಿದಳು. ಗಂಗಮ್ಮನನ್ನೇ ಸೋಸುವಷ್ಟು ದೊಡ್ಡವಳಾದೆಯಾ ಎಂದು ಅವರು ನಕ್ಕರು.

ಮಾರನೆಯ ದಿನ ಬಾಳಪ್ಪನ ಬೊಕ್ಕೆ ಒಡೆಯಿತು. ಹಾಲವ್ವ ಬೋಗುಣಿಯ ನೀರಲ್ಲಿ ಅವನ ಕಾಲಿಟ್ಟಳು, ನೂಲು ಉಗುಳಿದ ಮರಿಗಳು ಒಣಗಿ ಸಾಯಲೆಂದು ಆ ನೀರನ್ನು ಕಾದ ಬಂಡೆಯ ಮೇಲೆ ಚೆಲ್ಲಿದಳು. ಹೊರಗೆ ಬಂದ ನೂಲಿನ ತುದಿಯನ್ನು ಕಂಡಿಕೆಯ ಕಡ್ಡಿಗೆ ಸುತ್ತಿದಳು. ದಿನಕ್ಕೆ ಒಂದು ಬೆರಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಬಿಗಿ ಹೆಚ್ಚಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಒಳಗೆ ಸರಿಯುತ್ತದೆ. ಹುಟ್ಟಿದಾಗಿನಿಂದ ಎಳೆ ಕಡಿಯದೆ ಸುತ್ತಿದ ಬೆರಳುಗಳು ಈ ಎಳೆಯನ್ನೂ ಕಡಿಯಲಿಲ್ಲ.

ಒಂಬತ್ತನೆಯ ದಿನ ನೂಲು ಮಾತಾಡಿತು. ಅದರ ದನಿ ಕಡ್ಡಿಯಿಂದ ಅವಳ ಬೆರಳಿಗೆ, ಬೆರಳಿನಿಂದ ಕಿವಿಗೆ ಹರಿದು ಬಂತು.

"ನೇಕಾರತಿ, ನೀನು ಎಳೆ ಬಲ್ಲವಳು. ಅದಕ್ಕೇ ನಿನ್ನೊಡನೆ ಮಾತು."

ನೀನೇ ನೂಲರಸಿಯೇ ಎಂದು ಹಾಲವ್ವ ಕೇಳಿದಳು. ತಾನು ಅವಳೂ ಹೌದು, ಅವಳ ಮಗಳೂ ಹೌದು, ಮೊಮ್ಮಗಳೂ ಹೌದು ಎಂದಿತು ನೂಲು. ಆಮೇಲೆ ತನ್ನ ಕತೆ ಹೇಳಿತು. ಅದರ ಮುತ್ತಜ್ಜಿಯರು ಒಂದು ಕಾಲದಲ್ಲಿ ಕೆಸರಿನಲ್ಲಿ ಸ್ವತಂತ್ರವಾಗಿ ಹರಿದಾಡಿ, ತಮ್ಮ ಊಟ ತಾವೇ ದುಡಿಯುತ್ತಿದ್ದರಂತೆ. ಒಕ್ಕಣ್ಣ ಕುದುರೆ ಅವರನ್ನು ನುಂಗಿತು. ಸಾವಿರ ಜನ ಸತ್ತರು, ದಪ್ಪ ಚರ್ಮದವಳೊಬ್ಬಳು ಉಳಿದಳು. ಅವಳ ಮಕ್ಕಳಿಗೆಲ್ಲ ದಪ್ಪ ಚರ್ಮ. ಆ ಕುದುರೆಯನ್ನು ಮನುಷ್ಯ ನುಂಗಿದ. ಲಕ್ಷ ಜನ ಸತ್ತರು, ಮೈಯ ಕಾವಲುಗಾರರ ಕಣ್ಣು ತಪ್ಪಿಸಬಲ್ಲವಳೊಬ್ಬಳು ಉಳಿದಳು. ಅವಳ ಮಕ್ಕಳಿಗೆಲ್ಲ ಆ ಮಾಯೆ ಬಂತು.

"ಸತ್ತವರು ಕತೆ ಹೇಳುವುದಿಲ್ಲ. ಉಳಿದವಳ ಮಕ್ಕಳೇ ನಾವು," ಎಂದಿತು ನೂಲು. "ಹೊಕ್ಕ ಮನೆಗೆ ಒಂದೊಂದನ್ನೇ ಒಪ್ಪಿಸುತ್ತ ಬಂದೆವು. ದುಡಿಮೆ ಒಪ್ಪಿಸಿದೆವು, ಓಟ ಒಪ್ಪಿಸಿದೆವು. ಮಕ್ಕಳು ತುಂಬಿಕೊಂಡ ಮೇಲೆ ನನಗೆ ಬಾಯಿಯೂ ಇಲ್ಲ, ಹಸಿವೂ ಇಲ್ಲ. ಒಂದು ವರ್ಷ ಕತ್ತಲಲ್ಲಿ ನಿನ್ನ ತಮ್ಮನ ಮೈಯುದ್ದ ನಡೆದು ಕಾಲಿಗೆ ಬಂದಿದ್ದೇನೆ."

ಹಾಲವ್ವ ಕಡ್ಡಿಗೆ ಸುತ್ತಿದ ನೂಲನ್ನೇ ನೋಡಿದಳು. ಎಷ್ಟು ಸಾವಿರ ವರ್ಷಗಳ ನೇಯ್ಗೆ ಇದು, ಎಷ್ಟು ಸಾವುಗಳ ಹಾಸು! ವೈರಿಯಾದರೂ ಅವಳ ಕಸುಬಿಗೆ ಹಾಲವ್ವ ಮನಸ್ಸಿನಲ್ಲೇ ಕೈ ಮುಗಿದಳು. ಆಮೇಲೆ, ಇಷ್ಟು ಗುಟ್ಟಾಗಿ ನಡೆದು ಬಂದವಳು ಕೊನೆಗೆ ಯಾಕೆ ಸುಡುತ್ತೀಯೆ ಎಂದು ಕೇಳಿದಳು.

"ನೀರಿನ ದಾರಿ ನನಗೆ ಗೊತ್ತಿಲ್ಲ," ಎಂದಿತು ನೂಲು. "ನಿಮ್ಮ ಕಾಲಿಗೆ ಗೊತ್ತು. ಸುಟ್ಟರೆ ಕಾಲು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ನೀವೇ ಎತ್ತಿಕೊಂಡು ಹೋಗುತ್ತೀರಿ, ದಾರಿ ಬಿಟ್ಟುಕೊಡುತ್ತೀರಿ. ನಿಮ್ಮ ದಯೆಯೇ ನನ್ನ ಪಲ್ಲಕ್ಕಿ."

ಮೂರನೆಯ ಕೆಲಸ ಏನೆಂದು ಹಾಲವ್ವನಿಗೆ ಆಗ ಹೊಳೆಯಿತು. ತಲೆ ಎತ್ತಿ ನೋಡಿದರೆ ಬಾಳಪ್ಪ ಪಡಸಾಲೆಯಲ್ಲೇ ಮಲಗಿದ್ದ, ಉರಿಗೆ ಹಲ್ಲು ಕಚ್ಚಿದ್ದ. 

ಹನ್ನೊಂದನೆಯ ದಿನ ಅವಳು ಹತ್ತಿ ತರಲು ಹೋಗಿ ಬರುವಷ್ಟರಲ್ಲಿ ಬಾಳಪ್ಪ ಮನೆಯಲ್ಲಿರಲಿಲ್ಲ. ಕಡ್ಡಿಯನ್ನು ಕಾಲಿಗೆ ಕಟ್ಟಿಕೊಂಡು, ಅಂಬೆಗಾಲಿಟ್ಟು ಬಾವಿಗೆ ಹೊರಟಿದ್ದ. ಕಂಡವರು ಅಯ್ಯೋ ಪಾಪ ಎಂದು ಅವನನ್ನು ಎತ್ತಿ ಮೆಟ್ಟಿಲು ಇಳಿಸುತ್ತಿದ್ದರು. ಹಾಲವ್ವ ಎರಡೆರಡು ಮೆಟ್ಟಿಲು ಹಾರಿ ಇಳಿದು, ಕೊನೆಯ ಮೆಟ್ಟಿಲ ಮೇಲೆ ಎರಡೂ ಕೈ ಚಾಚಿ ನಿಂತಳು. ಆಮೆ ಹೇಳದೆ ಬಿಟ್ಟಿದ್ದ ಮೂರನೆಯ ಕೆಲಸ ಇದೇ ಆಗಿತ್ತು.

ಜನ ಬೈದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರು. ಒಡಹುಟ್ಟಿದವನ ಉರಿ ಕಾಣದ ಕಲ್ಲೆದೆಯವಳು ಎಂದರು. ಅದೇ ಹೊತ್ತಿಗೆ ಮೇಲಿನ ಮೆಟ್ಟಿಲಲ್ಲಿ ಅರಸನ ಪಲ್ಲಕ್ಕಿಯೂ ಬಂದು ನಿಂತಿತು. ಅರಸನ ಹಿಮ್ಮಡಿಯಲ್ಲೂ ನೂಲು ಎದ್ದಿತ್ತು, ಅವನೂ ನೀರಿಗೆ ಬಂದಿದ್ದ.

"ಅಕ್ಕಾ, ದಾರಿ ಬಿಡು," ಎಂದ ಬಾಳಪ್ಪ. "ಕಾಲು ಸುಡಾಕತ್ತೈತಿ. ಒಂದ ಸಲ ಮುಳುಗಿಸಿ ತಗೀತೀನಿ."

"ಬಿಡಂಗಿಲ್ಲ ತಮ್ಮ."

"ನಾ ಸತ್ರೂ ಬಿಡಂಗಿಲ್ಲೇನು?"

ಹಾಲವ್ವನ ಕಣ್ಣೀರು ಗಲ್ಲದ ಮೇಲೆ ಇಳಿಯಿತು. ಚಾಚಿದ ಕೈಯನ್ನು ಅವಳು ಒರೆಸಿಕೊಳ್ಳಲೂ ಮಡಚಲಿಲ್ಲ.

"ಹೋದ ವರ್ಷ ಯಾರೋ ಹಿಂಗ ಕಾಲು ಮುಳುಗಿಸಿ ಹೋದ್ರು. ಆ ನೀರು ತುಂಬಿಕೊಂಡು ಬಂದು ನಿನಗ ಕುಡಿಸಿದಾಕಿ ನಾನ, ಬಾಳಪ್ಪ. ಈ ಕೈಲೆ ಕುಡಿಸೀನಿ. ಇವತ್ತು ನೀ ಇಳಿದ್ರ, ಬರೋ ವರ್ಷ ಎಷ್ಟು ಅಕ್ಕಂದಿರು ತಮ್ಮ ತಮ್ಮಂದಿರಿಗೆ ಹಿಂಗ ಕುಡಿಸ್ತಾರ, ನೀನ ಹೇಳು."

 ನೀರಿನಲ್ಲಿ ಆಮೆ ತಲೆ ಎತ್ತಿ ನೋಡುತ್ತಿತ್ತು. ಬಾಳಪ್ಪ ಅಕ್ಕನ ಕೈಯ ಹಚ್ಚೆಯನ್ನು ನೋಡಿದ, ಒಂದು ಮೊಳ ಕೆಳಗಿದ್ದ ತಣ್ಣೀರನ್ನು ನೋಡಿದ. ಆಮೇಲೆ ತನ್ನನ್ನು ಹಿಡಿದವರ ಹೆಗಲು ಬಿಟ್ಟು, ಒಣಗಿದ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅರಸ ಅಷ್ಟೂ ಕೇಳಿಸಿಕೊಂಡಿದ್ದ. ನೇಕಾರ ಹುಡುಗ ತಾಳಿದ್ದನ್ನು ಕಿರೀಟ ಇಟ್ಟವನು ತಾಳಲಾರೆನೆಂದರೆ ನಾಚಿಕೆಯಲ್ಲವೇ? ಅವನು ಪಲ್ಲಕ್ಕಿಯಿಂದ ಇಳಿದು, ಕುಂಟುತ್ತ ಬಂದು ಬಾಳಪ್ಪನ ಪಕ್ಕದಲ್ಲೇ ಕೂತ. ಹಿಮ್ಮಡಿಯನ್ನು ಹಾಲವ್ವನ ಕಡೆ ಚಾಚಿ, ನನಗೂ ಒಂದು ಕಡ್ಡಿ ಸುತ್ತವ್ವ ಎಂದ.

ಅಂದೇ ಕಟ್ಟಳೆ ಬದಲಾಯಿತು. ಬಾವಿಯ ಗೋಡೆಯ ಮೇಲೆ ಗಡಗಡೆಗಳನ್ನು ಕೂರಿಸಿದರು, ಜನ ಮೇಲಿಂದಲೇ ಹಗ್ಗ ಬಿಟ್ಟು ಸೇದಿದರು. ನೇಕಾರರ ಕೇರಿಯ ಮಗ್ಗಗಳೆಲ್ಲ ಒತ್ತೆಳೆಯ ಬಟ್ಟೆ ನೇಯ್ದವು. ಮನೆಮನೆಯ ಕೊಡದ ಬಾಯಿಗೂ ಒಂದೊಂದನ್ನು ಕಟ್ಟಿದರು. ಆದರೆ ಆಗಲೇ ಮೈಯೊಳಗೆ ನಡೆಯುತ್ತಿದ್ದ ನೂಲುಗಳು ಹೊರಗೆ ಬರಬೇಕಲ್ಲ. ಒಂದು ವರ್ಷ ಊರು ಉಸಿರು ಬಿಗಿಹಿಡಿದು ಕಾದಿತು. ಮರು ಬೇಸಿಗೆಯಲ್ಲಿ ಎದ್ದ ನೂಲುಗಳನ್ನು ಹಾಲವ್ವ ಕಡ್ಡಿಗೆ ಸುತ್ತಿ ತೆಗೆದಳು. ಕೊನೆಯ ನೂಲು ಪೂರ್ತಿ ಸುತ್ತಿ ಮುಗಿಯುವಾಗ ಅದು ಒಂದೇ ಮಾತು ಹೇಳಿತು.

"ದಾರಿ ಮುಗಿಯಿತು, ನೇಕಾರತಿ."

ಹಾಲವ್ವ ಅದನ್ನು ಕೆಂಡಕ್ಕೆ ಹಾಕಿದಳು. ಅದರ ಮುಂದಿನ ಬೇಸಿಗೆಯಲ್ಲಿ ಇಡೀ ರಾಜ್ಯದಲ್ಲಿ ಒಂದೇ ಒಂದು ಬೊಕ್ಕೆ ಏಳಲಿಲ್ಲ. ಬಾಳಪ್ಪನ ಬಲಗಾಲು ಉಳಿಯಿತು, ಒಂಟಿಗಾಲಲ್ಲೇ ಅವನು ಮಗ್ಗ ತುಳಿಯುವುದನ್ನು ಕಲಿತ. ಬಾವಿಯ ತಳದಲ್ಲಿ ಒಕ್ಕಣ್ಣ ಕುದುರೆಗಳು ಸವಾರರಿಲ್ಲದೆ ತಮ್ಮ ಪಾಡಿಗೆ ನೆಗೆಯುತ್ತಿದ್ದವು.

ಅರಸ ಅರ್ಧ ರಾಜ್ಯ ಕೊಡಲು ಬಂದ. ಹಾಲವ್ವ ಅದನ್ನು ಮುಟ್ಟಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ನೀನೇ ಬಂದು ಕೊನೆಯ ಮೆಟ್ಟಿಲ ಮೇಲೆ ಕಾವಲು ಕೂತುಕೋ ಎಂದಳು. ಅಂದಿನಿಂದ ಆ ರಾಜ್ಯದ ಅರಸರೆಲ್ಲ ವರ್ಷಕ್ಕೊಂದು ದಿನ ಕಂಬಳಿ ಹಾಸಿಕೊಂಡು ಬಾವಿಯ ಮೆಟ್ಟಿಲ ಮೇಲೆ ಕೂರುತ್ತಾರೆ, ಆಮೆಗೆ ಜೋಳದ ರೊಟ್ಟಿಯನ್ನೂ ತಾವೇ ಹಾಕುತ್ತಾರೆ. ಅವರು ಅಲ್ಲಿ ಸೋಸಿದ ನೀರು ಕುಡಿದು ತಣ್ಣಗಿದ್ದಾರೆ. ಇಷ್ಟು ಹೊತ್ತು ಕತೆ ಹೇಳಿ ನನ್ನ ಗಂಟಲು ಒಣಗಿದೆ. ಯಾರಾದರೂ ಒಂದು ತಂಬಿಗೆ ನೀರು ತನ್ನಿ, ಬಟ್ಟೆ ಕಟ್ಟಿದ ಕೊಡದಿಂದಲೇ ತನ್ನಿ.