ಅರ್ಧ ಗುಳಿಗೆ, ಅರ್ಧ ಚಹಾ

ಅಫಜಲಪುರದ ಬಸ್ಸಿನಲ್ಲಿ ಪಂಚಶೀಲಾ ಆ ಬಿಳಿ ಕ್ಯಾನನ್ನು ಸೀಟಿನ ಕೆಳಗೆ ತಳ್ಳಿ, ಸೆರಗಿನ ತುದಿಯಿಂದ ಮುಚ್ಚಿ, ಏನೂ ಗೊತ್ತಿಲ್ಲದವಳ ಹಾಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಂಡಕ್ಟರನ ಕಣ್ಣು ನೇರ ಅದರ ಮೇಲೆಯೇ ಬಿತ್ತು.

"ಕ್ಯಾನಿನ್ಯಾಗ ಏನದ ಅಕ್ಕಾ?"

"ಎಣ್ಣಿ ಅದ್ರಿ."

"ಕುಸುಬಿದೇನ್ರಿ, ಶೇಂಗಾದ್ದೇನ್ರಿ?" ಈ ಪ್ರಶ್ನೆ ಬಂದದ್ದು ಹಿಂದಿನ ಸೀಟಿನಿಂದ.

ಸಿಟ್ಟಿನಿಂದ ತಿರುಗಿ ನೋಡಿದಳು. ಉದ್ದನೆಯ, ಸಣಕಲು ಮೈಯ ಒಬ್ಬ ಗಂಡಸು. ಅವನ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಅಂಥದ್ದೇ ಒಂದು ಬಿಳಿ ಕ್ಯಾನು. ಅದೇ ನೀಲಿ ಮುಚ್ಚಳ, ಅದೇ ಸ್ಟಿಕ್ಕರು. ಅವನು ಮುಂದೆ ಬಾಗಿ ಪಿಸುದನಿಯಲ್ಲಿ ಹೇಳಿದ: "ನಂದು ಮಜ್ಜಿಗಿ ಅಂತ ಹೇಳೇನಿ."

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆಮೇಲೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು.

ಕ್ಯಾನಿನಲ್ಲಿ ಇದ್ದದ್ದು ಎಣ್ಣೆಯೂ ಅಲ್ಲ, ಮಜ್ಜಿಗೆಯೂ ಅಲ್ಲ. ಒಂದು ಹಗಲು ಒಂದು ರಾತ್ರಿಯ ಮೂತ್ರ. ಅಫಜಲಪುರದಲ್ಲಿ ಹೊಸದಾಗಿ ಶುರುವಾಗಿದ್ದ ಕಿಡ್ನಿ ಸಂಶೋಧನೆಯ ಕ್ಲಿನಿಕ್ಕಿಗೆ ಎಲ್ಲರೂ ಹಾಗೆಯೇ ತುಂಬಿಕೊಂಡು ಹೋಗಬೇಕಿತ್ತು. ಪ್ರೀತಿ ಹುಟ್ಟುವುದಕ್ಕೆ ಲೋಕದಲ್ಲಿ ಎಷ್ಟೋ ಚಂದದ ಜಾಗಗಳಿವೆ. ಇವರಿಬ್ಬರ ಪಾಲಿಗೆ ಬಂದದ್ದು ಇದು.

ಪಂಚಶೀಲಾ ಅತನೂರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಕಾಲು ಬಾತುಕೊಂಡಿತೆಂದು ತೋರಿಸಲು ಹೋದಾಗ ಕಿಡ್ನಿ ಸೋಲುತ್ತಿದೆ ಎಂದು ಗೊತ್ತಾಯಿತು. ಆಳಂದದಲ್ಲಿ ಸಂಬಂಧ ಗಟ್ಟಿಯಾಗಿತ್ತು. ಗಂಡಿನ ಕಡೆಯವರು ಸುದ್ದಿ ಕೇಳಿದ್ದೇ ತಡ, ಫೋನು ಎತ್ತುವುದನ್ನೇ ಬಿಟ್ಟರು. ಅವಳ ತಾಯಿ ಮಾಣಿಕಮ್ಮ ಆಮೇಲೆ ಮದುವೆಯ ಮಾತು ಎತ್ತಲಿಲ್ಲ.

ಅವನ ಹೆಸರು ಜಗದೇವ. ಸೊನ್ನದ ಬ್ಯಾರೇಜಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸ. ಭೀಮಾ ನದಿಯ ನೀರು ಅವನ ಕೈಮಾತು ಕೇಳುತ್ತಿತ್ತು, ಅವನ ಮೈಯೊಳಗಿನ ನೀರು ಮಾತ್ರ ಕೇಳುತ್ತಿರಲಿಲ್ಲ.

ಕ್ಲಿನಿಕ್ಕಿನ ಡಾಕ್ಟರ್ ಮೇಡಮ್ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಈಗ ತಿನ್ನುವ ಔಷಧಿಗಳು ಹಾಗೆಯೇ ಇರುತ್ತವೆ. ಅದರ ಜೊತೆಗೆ ದಿನಕ್ಕೊಂದು ಹೊಸ ಗುಳಿಗೆ. ಅರ್ಧ ಜನರ ಗುಳಿಗೆಯಲ್ಲಿ ಔಷಧ ಇರುತ್ತದೆ, ಇನ್ನರ್ಧ ಜನರದು ನೋಡಲು ಅದೇ ಥರ, ಒಳಗೆ ಏನೂ ಇಲ್ಲ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಎರಡು ಗುಂಪನ್ನೂ ಹೋಲಿಸಿದರೇ ಔಷಧ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುವುದು. ಇಬ್ಬರೂ ಒಪ್ಪಿ ಸಹಿ ಮಾಡಿದ್ದರು.

ಕ್ಯಾನು ಒಪ್ಪಿಸಿ ಹೊರಗೆ ಬಂದರೆ ಎದುರಿಗೆ ಬೇವಿನ ಮರ, ಮರದ ಕೆಳಗೆ ಚಹಾದಂಗಡಿ.

"ಒಂದರಾಗ ಎರಡ," ಎಂದ ಜಗದೇವ.

ಅಂಗಡಿಯವನು ಒಂದು ಕಪ್ಪು, ಒಂದು ಬಶಿ ಕೊಟ್ಟ. ಜಗದೇವ ಬಶಿಗೆ ಅರ್ಧ ಸುರುವಿಕೊಂಡು ಕಪ್ಪನ್ನು ಅವಳ ಕಡೆ ಸರಿಸಿದ. ಆವತ್ತಿನಿಂದ ಕ್ಲಿನಿಕ್ಕಿನ ಪ್ರತಿ ಪಾಳಿಗೂ ಹಾಗೆಯೇ ನಡೆಯಿತು. ಕಪ್ಪು ಅವಳಿಗೆ, ಬಶಿ ಅವನಿಗೆ. ಬಶಿಯ ಅಂಚಿನ ಮೇಲಿಂದ ಅವನು ನೋಡುತ್ತಿದ್ದ. ಅವಳು ನೋಡಿದರೆ ತಟ್ಟನೆ ಚಹಾ ಊದುತ್ತಿದ್ದ.

"ಆರಿ ಹೋಗ್ಯದಲ್ರಿ ಅದು. ಯಾಕ ಊದಾಕತ್ತೀರಿ?"

"ಚಾ ಅಲ್ಲ, ನನ್ನ ಎದಿ ಆರಸಾಕತ್ತೇನಿ."

"ಬ್ಯಾರೇಜಿನ್ಯಾಗ ಇದನ್ನ ಕಲತೀರೇನ್ರಿ?"

"ಅಲ್ಲಿ ನೀರ ಬಿಟ್ರ ಮಾತಾಡಾಕ ಯಾರದಾರ? ಕೂಡಿಟ್ಟದ್ದೆಲ್ಲಾ ನಿನ್ನ ಮುಂದ ಬರ್ತದ."

ಅವನು 'ನೀ' ಅಂದದ್ದು ಅದೇ ಮೊದಲು. ಅವಳು ತಿದ್ದಲಿಲ್ಲ.

ಒಂದು ಪಾಳಿಯ ದಿನ ಅವನು ತನ್ನ ಗುಳಿಗೆ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತ ಕೂತ. "ಪಂಚಶೀಲಾ, ನಮ್ಮಿಬ್ಬರೊಳಗ ಒಬ್ಬರದು ಖರೇ ಗುಳಿಗಿ, ಒಬ್ಬರದು ಸುಳ್ಳ ಗುಳಿಗಿ ಇದ್ರ?"

ಹಾಸಿಗೆಗೆ ಬಿದ್ದಾಗಲೆಲ್ಲ ಅವಳನ್ನು ಕಾಡುತ್ತಿದ್ದದ್ದು ಅದೇ. ತಾನು ಉಳಿದು ಇವನು ಹೋದರೆ ಆ ಉಳಿವನ್ನು ಏನು ಮಾಡಿಕೊಳ್ಳುವುದು?

"ಒಂದರಾಗ ಎರಡ ಮಾಡೋಣ್ರಿ," ಎಂದಳು.

ಮುಂದಿನ ಸಲ ತಾಯಿಯ ಎಲೆ-ಅಡಿಕೆ ಸಂಚಿಯಿಂದ ಅಡಕತ್ತರಿ ತಂದಳು. ಬೇವಿನ ಕೆಳಗೆ ಕೂತು ಎರಡೂ ಬಾಟಲಿಯ ಗುಳಿಗೆಗಳನ್ನು ಅಡಿಕೆ ಕತ್ತರಿಸುವ ಹಾಗೆ ಕಟ್ ಕಟ್ ಎಂದು ನಡುವೆ ಸೀಳಿದಳು. ಇನ್ನು ಮುಂದೆ ದಿನಾ ಇಬ್ಬರೂ ಅವನದರಲ್ಲಿ ಅರ್ಧ, ಅವಳದರಲ್ಲಿ ಅರ್ಧ ನುಂಗುವುದು. ಔಷಧ ಯಾರ ಬಾಟಲಿಯಲ್ಲಿದ್ದರೂ ಇಬ್ಬರಿಗೂ ಸಿಗುತ್ತದಲ್ಲ ಎಂಬ ಲೆಕ್ಕ. ಪ್ರೀತಿ ಮಾಡುವವರಿಗೆ ಮಾತ್ರ ಹೊಳೆಯುವ ಲೆಕ್ಕ ಅದು, ಅದಕ್ಕೇ ಅಷ್ಟು ತಪ್ಪು.

ಅವಳ ಅಂಗೈಯಲ್ಲಿ ಬಿಳಿ ಪುಡಿ ಉಳಿದಿತ್ತು. ಜಗದೇವ ಬೆರಳ ತುದಿ ಒದ್ದೆ ಮಾಡಿಕೊಂಡು ಆ ಪುಡಿಯನ್ನು ಮೆಲ್ಲಗೆ ಒತ್ತಿ ತೆಗೆದ. "ಸುಮ್ನ ಹಾಳಾಗಬಾರದು," ಎಂದು ಬೆರಳನ್ನು ನಾಲಿಗೆಗೆ ಇಟ್ಟುಕೊಂಡ. ಬಸ್ಸು ಹತ್ತಿದ ಮೇಲೂ ಪಂಚಶೀಲಾ ಆ ಅಂಗೈಯನ್ನು ಮುಚ್ಚಿಕೊಂಡೇ ಕೂತಿದ್ದಳು.

ನರ್ಸ್ ನೂರೀನ ಖಾಲಿ ಬಾಟಲಿ ನೋಡಿ ಕೇಳಿದಳು, "ಬರೋಬ್ಬರಿ ನಿಮ್ಮ ಗುಳಿಗಿ ನೀವೇ ನುಂಗೀರಿಲ್ಲ?"

"ಹೌದ್ರಿ ಸಿಸ್ಟರ್."

ಹೊರಗೆ ಬಂದ ಮೇಲೆ ಜಗದೇವ ಕೆಣಕಿದ. ಇಬ್ಬರ ಮನೆಯಲ್ಲೂ ಗೋಡೆಯ ಮೇಲೆ ಬುದ್ಧನ ಪಟ, ಇಬ್ಬರಿಗೂ ವಂದನೆ, ಐದು ಶೀಲ ಬಾಯಿಪಾಠ. "ಹೆಸರು ನೋಡಿದ್ರ ಪಂಚಶೀಲಾ. ಸುಳ್ಳ ಹೇಳಿ ಇವತ್ತ ಒಂದು ಶೀಲ ಮುರದಿ."

"ಇನ್ನ ನಾಕು ಉಳದಾವಲ್ರಿ," ಎಂದು ನಕ್ಕಳು.

ಬೇಸಿಗೆ ಹೊತ್ತಿಗೆ ಆ ನಗು ಇಂಗಿತು. ಭೀಮಾ ನದಿ ಕೆಳಗಿಳಿದು ಮರಳು ಕಾಣತೊಡಗಿತ್ತು. ಜಗದೇವ ಗೇಟಿನ ಮೆಟ್ಟಿಲು ಹತ್ತುವಾಗ ನಡುವೆ ಕೂರಲು ಶುರುಮಾಡಿದ. ಬೆಳಿಗ್ಗೆ ಎದ್ದರೆ ಅವನ ಮುಖ ಬಾತಿರುತ್ತಿತ್ತು. ಪಂಚಶೀಲಾಳ ಕಾಲಿನಲ್ಲಿ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಗುಳಿಗೆ ಸೀಳುವುದನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ಒಂದು ದಿನ ಕ್ಲಿನಿಕ್ಕಿನಿಂದ ಇಬ್ಬರನ್ನೂ ಒಟ್ಟಿಗೆ ಕರೆಸಿದರು. ಡಾಕ್ಟರ್ ಮೇಡಮ್ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

"ಯಾರಿಗೆ ಯಾವ ಗುಳಿಗೆ ಅನ್ನೋ ಪಟ್ಟಿ ಇರೋ ದೊಡ್ಡ ಲ್ಯಾಬಿನವರು ರಕ್ತದಲ್ಲಿ ಔಷಧ ಎಷ್ಟಿದೆ ಅಂತ ನೋಡ್ತಾರೆ," ಎಂದರು. "ಇರಬಾರದವರ ರಕ್ತದಲ್ಲಿ ಅದು ಸಿಕ್ಕಿದೆ. ಏನು ಮಾಡಿದಿರಿ?"

ಪಂಚಶೀಲಾ ತಲೆ ತಗ್ಗಿಸಿ ಎಲ್ಲ ಹೇಳಿದಳು. ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಔಷಧ ಇದ್ದದ್ದು ನಿಮ್ಮ ಬಾಟಲಿಯಲ್ಲಿ, ಪಂಚಶೀಲಾ. ಇವರದರಲ್ಲಿ ಏನೂ ಇರಲಿಲ್ಲ. ಅರ್ಧ ಗುಳಿಗೆ ನಿಮಗೂ ಸಾಲದು, ಇವರಿಗೂ ಸಾಲದು. ಇಬ್ಬರ ಕಿಡ್ನಿಯೂ ಇಳಿದಿದೆ, ಇವರದು ಬಹಳ. ನಾನು ಇನ್ನು ನಿಮ್ಮನ್ನು ಈ ಅಧ್ಯಯನದಲ್ಲಿ ಇಟ್ಟುಕೊಳ್ಳುವಂತಿಲ್ಲ."

ಬೇವಿನ ಕೆಳಗೆ ಬಂದು ನಿಂತರು. ಜಗದೇವ ನೆಲ ನೋಡುತ್ತಲೇ ಹೇಳಿದ.

"ನಿನ್ನ ಪಾಲಿಂದು ನಾ ತಿಂದೆ."

"ನಾನ ಕೊಟ್ಟೇನ್ರಿ."

"ಔಷಧ ನಿನ್ನ ಹಂತ್ಯಾಕ ಅದ ಅಂತ ಗೊತ್ತಿದ್ರ ಅರ್ಧ ಕೊಡ್ತಿದ್ದೇನು?"

"ಗೊತ್ತಿದ್ರ ಇಡೀದು ಕೊಡ್ತಿದ್ದೆ."

ಅವಳು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ್ದು ಹೀಗೆ. ಇಂಥ ಮಾತು ಕೇಳಿದ ಗಂಡಸು ಕೈ ಹಿಡಿಯಬೇಕು. ಜಗದೇವನ ಮುಖ ಸುಣ್ಣದ ಹಾಗೆ ಬಿಳಿಚಿತು. ಅವನು ಅಂಗಡಿಯ ಕಡೆ ತಿರುಗಿದ.

"ಎರಡು ಚಾ ಕೊಡ್ರಿ. ಬ್ಯಾರೆ ಬ್ಯಾರೆ."

ಎರಡು ಕಪ್ಪು ಬಂದವು. ಪಂಚಶೀಲಾ ತನ್ನದನ್ನು ಮುಟ್ಟಲಿಲ್ಲ. ಅದರ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತಳು. ಆ ವಾರವೇ ಅವನು ಬ್ಯಾರೇಜಿನ ಕೆಲಸ ಬಿಟ್ಟ. ಎಲ್ಲಿಗೆ ಹೋದನೆಂದು ಸೊನ್ನದಲ್ಲಿ ಯಾರೂ ಹೇಳಲಿಲ್ಲ. ಅವನ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು.

ತೊಗರಿ ಬಿತ್ತಿದರು, ಕೊಯ್ದರು. ಹವಳಗಾದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋದವು. ಪಂಚಶೀಲಾ ಗ್ರಂಥಾಲಯದ ಬಾಗಿಲು ತೆಗೆದಳು, ಹಾಕಿದಳು. ಮತ್ತೆ ಬೇಸಿಗೆ ಬರುವ ಹೊತ್ತಿಗೆ ನೂರೀನಳ ಫೋನು ಬಂತು.

"ಗುಳಿಗಿ ಕೆಲಸ ಮಾಡ್ತದಂತ ಬೇ! ಲೆಕ್ಕ ಎಲ್ಲಾ ಮುಗೀತು. ಕಿಡ್ನಿ ಸೋಲೋದು ನಿಧಾನ ಆಗ್ತದ ಅಂತ. ಮೇಡಮ್ ನಿನ್ನ ಹೆಸರು ಹೇಳ್ಯಾರ. ಬಂದು ತಗೊಂಡು ಹೋಗು."

ಈ ಸಲ ಬಾಟಲಿಯಲ್ಲಿದ್ದದ್ದು ಖರೇ ಗುಳಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಪಂಚಶೀಲಾ ಮರುದಿನ ಬೆಳಿಗ್ಗೆ ಒಂದನ್ನು ಬಾಯಿಯವರೆಗೆ ಒಯ್ದಳು. ಇಡೀ ಗುಳಿಗೆ ಗಂಟಲೊಳಗೆ ಇಳಿಯಲೊಲ್ಲದು. ಅಡಕತ್ತರಿ ತೆಗೆದು ಸೀಳಿ, ಅರ್ಧ ನುಂಗಿ, ಉಳಿದ ಅರ್ಧವನ್ನು ತನ್ನ ಸಂಚಿಯ ಒಳಜೇಬಿಗೆ ಹಾಕಿದಳು. ಅವನು ಸಿಕ್ಕಾಗ ಕೊಡಬೇಕು. ದಿನವೂ ಹೀಗೆಯೇ ಮಾಡಿದಳು. ಕಾಲಿನ ಬಾವು ಇಳಿಯದಿದ್ದರೂ ಮಾಡಿದಳು.

ಜೇಬು ಉಬ್ಬಿದ ಮೇಲೆ, ಮತ್ತೊಂದು ಬಾಟಲಿ ತರಲು ಹೋದಾಗ, ನೂರೀನಳನ್ನು ಕೇಳಿಯೇಬಿಟ್ಟಳು. "ಜಗದೇವ ಅವರಿಗೂ ಕೊಡ್ತಾರೇನ್ರಿ ಸಿಸ್ಟರ್ ಈ ಗುಳಿಗಿ?"

ನೂರೀನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಂವ ಜೇವರ್ಗಿ ಒಳಗ ಅಕ್ಕನ ಮನ್ಯಾಗ ಅದಾನ. ನಿನಗ ಹೇಳಬ್ಯಾಡ ಅಂತ ಕಸಮ್ ಹಾಕಿಸ್ಯಾನ. ಡಯಾಲಿಸಿಸ್ ಸುರು ಆಗ್ಯದ. ಈ ಗುಳಿಗಿಯಿಂದ ಅವನಿಗೆ ಇನ್ನ ಏನೂ ಆಗಂಗಿಲ್ಲ."

ಭೀಮೆಯ ಸೇತುವೆ ದಾಟುವಾಗ ಬಸ್ಸಿನ ತುಂಬ ಧೂಳು. ಪಂಚಶೀಲಾ ಸಂಚಿಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಗುಳಿಗೆ ಕೆಲಸಕ್ಕೆ ಬರುವುದಿಲ್ಲವೆಂದು ತಿಳಿದ ಮೇಲೂ ಅದನ್ನು ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಜೇವರ್ಗಿಯ ದವಾಖಾನೆಯ ಆ ಕೋಣೆಯಲ್ಲಿ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಜಗದೇವ ಮಲಗಿದ್ದ. ಮೈ ಕಪ್ಪಿಟ್ಟು ಒಣಗಿತ್ತು. ಒಂದು ಕೈಯಿಂದ ಅವನ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು, ತಿರುಗಿ ಒಳಗೆ ಬರುತ್ತಿತ್ತು. ಅವಳನ್ನು ಕಂಡು ಅವನು ಗೋಡೆಯ ಕಡೆ ಮುಖ ತಿರುವಿದ.

"ಯಾಕ ಬಂದಿ?"

ಅವಳು ಸಂಚಿ ಬಿಚ್ಚಿದಳು. ಅರ್ಧ ಗುಳಿಗೆಗಳು ಬಿಳಿ ಚಾದರದ ಮೇಲೆ ಉದುರಿದವು. ಅವನು ತಿರುಗಿ ನೋಡಿದ, ನೋಡುತ್ತಲೇ ಇದ್ದ.

"ಇವೇನು?"

"ನಿಮ್ಮ ಪಾಲು."

"ನೀ ಇಡೀದು ತಿಂದಿಲ್ಲ?"

"ಅರ್ಧ ತಿಂದೇನ್ರಿ."

ಅವನು ಧಡಕ್ಕನೆ ಏಳಲು ಹೋದ. ಯಂತ್ರ ಒಮ್ಮೆ ಕೂಗಿಕೊಂಡಿತು. ನರ್ಸು ಬಂದು ಕೊಳವೆ ಸರಿಮಾಡಿ, ಸುಮ್ಮನೆ ಮಲಗಲು ಹೇಳಿ ಹೋದಳು.

"ಮುಂದ ಯಾವ ಗುಳಿಗಿ ಸಿಕ್ರೂ ನಾ ಇದ್ರ ನೀ ಮುರೀತಿ ಅಂತ ಓಡಿ ಬಂದೆ," ಎಂದ ಜಗದೇವ. ಅವನ ದನಿ ಒಡೆದಿತ್ತು. "ನಿನ್ನ ಫೋನು ಬಂದಾಗೆಲ್ಲಾ ಅದನ್ನ ತಲಿದಿಂಬಿನ ಕೆಳಗ ಒತ್ತಿ ಹಿಡದೇನಿ. ನಾ ಇಲ್ಲದಿದ್ರೂ ನೀ ಮುರದಿ. ಹಂಗಾದ್ರ ಇಷ್ಟು ದಿನ ನಾ ಒಬ್ಬನ ಯಾಕ ಇದ್ದೆ?"

"ಅದನ್ನ ಕೇಳಾಕ ಬಂದೇನ್ರಿ ನಾನೂ."

ಇಬ್ಬರೂ ಅತ್ತರು. ಪಕ್ಕದ ಹಾಸಿಗೆಯ ಮುದುಕಿ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಮಾಡಿದಳು.

ಬಾಗಿಲಲ್ಲಿ ಚಹಾದವನು ಬಂದ. ಜಗದೇವ ಕಣ್ಣೊರೆಸಿಕೊಂಡು ಅವನ ಕಡೆ ನೋಡಿದ. "ನನಗ ಅರ್ಧ ಕಪ್ಪಿನ ಮ್ಯಾಲ ಕೊಡಂಗಿಲ್ಲ ಇವರು. ಗೇಟ್ ಎತ್ತಿ ಊರಿಗೆಲ್ಲಾ ನೀರ ಬಿಟ್ಟವ ನಾ. ಈಗ ನನಗ ಅಳದು ಕೊಡ್ತಾರ ನೋಡು."

"ಒಂದರಾಗ ಎರಡ," ಎಂದಳು ಪಂಚಶೀಲಾ, ಚಹಾದವನಿಗೆ.

"ತಡಿ. ಮೊದಲ ಗುಳಿಗಿ ತಗಿ. ಇವು ಅಲ್ಲ, ಇಡೀದು."

ಅವಳು ಬಾಟಲಿಯಿಂದ ಒಂದು ತೆಗೆದಳು. ರೂಢಿಯಂತೆ ಇನ್ನೊಂದು ಕೈ ಅಡಕತ್ತರಿಗೆ ಹೋಯಿತು. ಜಗದೇವ ಬಿಡುವಾಗಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದ. ಆ ಹಿಡಿತದಲ್ಲಿ ಬಲವಿರಲಿಲ್ಲ, ಆದರೂ ಅವಳಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ಚಾದಾಗ ಪಾಲು ನಡೀತದ. ಇದರಾಗ ಬ್ಯಾಡ. ನಾ ಎಷ್ಟು ದಿನ ಇರ್ತೇನೋ ನನಗ ಗೊತ್ತಿಲ್ಲ. ಇರೋ ತನಕ ನೀ ಇಡೀ ಗುಳಿಗಿ ನುಂಗೋದನ್ನ ನಾ ನೋಡಬೇಕು. ನನಗ ನೀ ಬೇಕು. ಅದಕ್ಕ."

ಪಂಚಶೀಲಾ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಚಹಾದವನು ಕೊಟ್ಟ ಕಪ್ಪಿನಿಂದ ಒಂದು ಗುಟುಕು ಚಹಾ ಕುಡಿದಳು. ಅದು ಗಂಟಲಲ್ಲಿ ನಿಂತು, ತಡವರಿಸಿ, ಇಳಿಯಿತು. ಬಾಯಿ ತೆರೆದು ನಾಲಿಗೆ ತೋರಿಸಿದಳು. ಅವನು ತಲೆಯಾಡಿಸಿದ.

ಈ ಸಲ ಅವಳು ಬಶಿಗೆ ಸುರುವಿಕೊಂಡು ಕಪ್ಪನ್ನು ಅವನ ಕೈಗೆ ಕೊಟ್ಟಳು. ಅವನು ಹನಿ ಹನಿಯಾಗಿ ಕುಡಿದ. ಸಂಜೆಯವರೆಗೆ ಬೇರೇನೂ ಕುಡಿಯುವಂತಿರಲಿಲ್ಲ. ಮುಗಿದ ಮೇಲೆ ಚಾದರದ ಮೇಲೆ ಬಿದ್ದಿದ್ದ ಅಡಕತ್ತರಿಯನ್ನು ಎತ್ತಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡ.

"ಅದು ನಮ್ಮವ್ವಂದ್ರಿ. ಅಡಕಿ ಹೋಳು ಮಾಡಾಕ ಬೇಕು ಆಕಿಗೆ."

"ನಮ್ಮ ಅತ್ತೆವ್ವಗ ಹೊಸಾದು ಕೊಡಸ್ತೇನಿ ಅಂತ ಹೇಳು."

ಪಂಚಶೀಲಾ ಬಶಿಯನ್ನು ಮೆಲ್ಲಗೆ ಕೆಳಗಿಟ್ಟಳು. 'ಅತ್ತೆವ್ವ' ಎಂದು ಅವನಾಡಿದ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

"ನೀವ ಬಂದು ಹೇಳ್ರಿ," ಎಂದಳು. "ಮುಂದಿನ ಪಾಳಿ ಯಾವಾಗ?"

"ಶುಕ್ರವಾರ."

"ಬರ್ತೇನಿ."