ಸಂಕವ್ವ ಆರಿಸಿದ ಮನೆ

ಬಹಳ ಬಹಳ ಹಿಂದೆ, ಮಣ್ಣಿಗೂ ಮರಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಚೆಂಬೊಳಲು ಎಂಬ ರಾಜ್ಯವಿತ್ತು. ಆ ರಾಜ್ಯದ ನಡುವೆ ಸಿಂಗಾರಿ ಎಂಬ ದೊಡ್ಡ ಹೊಳೆ. ಅದರಲ್ಲಿ ಹರಿಗೋಲು ಹಾಕಿ ಬದುಕುವ ಜನರಲ್ಲಿ ಸಂಕವ್ವ ಎಂಬ ಹೆಣ್ಣುಮಗಳಿದ್ದಳು. ಅವಳು ಹುಟ್ಟಿದ್ದು ಹರಿಗೋಲಿನಲ್ಲಿ, ಮದುವೆಯಾಗಿದ್ದು ಮರಳುದಿಣ್ಣೆಯ ಮೇಲೆ. ಬೆಳಗ್ಗೆ ದಿಣ್ಣೆಯ ಮೇಲೆ ಅವಳು ಹಾಕಿದ ರಂಗೋಲಿಯನ್ನು ಸಂಜೆಯೊಳಗೆ ಹೊಳೆ ಒರೆಸಿಬಿಡುತ್ತಿತ್ತು. ಅವಳ ಅವ್ವನನ್ನೂ ಒಂದು ಮಹಾಪೂರದಲ್ಲಿ ಇದೇ ಹೊಳೆ ಎಳೆದುಕೊಂಡು ಹೋಗಿತ್ತು.

ಸಂಕವ್ವ ಬಸುರಿಯಾದಳು. ಒಂದು ದಿನ ಗಂಡ ಹೊನ್ನಯ್ಯನಿಗೆ ಹೇಳಿದಳು:

"ನೋಡಿ, ನನಗೊಂದು ಮನೆ ಬೇಕು. ಮಗು ದಾಟಿ ಆಡೋಕೆ ಒಂದು ಹೊಸ್ತಿಲು ಬೇಕು."

ಹೊನ್ನಯ್ಯ ದಡದಾಚೆಯ ಗುಡ್ಡವನ್ನು ನೋಡಿದ. ಮನೆ ಬೇಕೆಂದರೆ ಆ ಗುಡ್ಡಕ್ಕೇ ಹೋಗಬೇಕು. ಜಂಜರನೆಂಬ ಮಾಟಗಾರ ರಾಜ್ಯದ ಕೆರೆಮಣ್ಣನ್ನೆಲ್ಲ, ಕಾಡಿನ ಮರಗಳನ್ನೆಲ್ಲ ಮಂತ್ರ ಹಾಕಿ ಅಲ್ಲಿಗೆ ಸೆಳೆದುಕೊಂಡಿದ್ದ. ಗುಡ್ಡದ ಬಲಕ್ಕೆ ಸಾಲು ಸಾಲು ಇಟ್ಟಿಗೆ ಮನೆ, ಎಡಕ್ಕೆ ಸಾಲು ಸಾಲು ಮರದ ಮನೆ. ರಾಜನೂ ಅರಮನೆ ಬಿಟ್ಟು ಅಲ್ಲೇ ವಾಸ. ಹೊನ್ನಯ್ಯನ ಅಕ್ಕ ಬೊಮ್ಮಕ್ಕ ಹೋದ ವರ್ಷ ಅಲ್ಲಿಗೆ ಹೋದವಳು ಮತ್ತೆ ಹೊಳೆಯ ಕಡೆ ತಲೆಹಾಕಿರಲಿಲ್ಲ.

ಗಂಡಹೆಂಡಿರು ಗುಡ್ಡ ಹತ್ತಿದರು. ಮೊದಲ ಇಟ್ಟಿಗೆ ಮನೆಯ ಜಗಲಿಯ ಮೇಲೇ ಬೊಮ್ಮಕ್ಕ ಕೂತಿದ್ದಳು.

"ಅಕ್ಕಾ!" ಎಂದು ಹೊನ್ನಯ್ಯ ಓಡಿದ.

ಬೊಮ್ಮಕ್ಕ ತಲೆಯೆತ್ತಿದಳು. "ಯಾರಪ್ಪಾ ನೀನು? ದಾರಿ ತಪ್ಪಿತೇ?"

"ನಾನು ಹೊನ್ನ ಕಣಕ್ಕಾ. ನಿನ್ನ ಬೆನ್ನಿಗೆ ಬಿದ್ದವನು."

"ಇರಬಹುದು," ಎಂದಳು ಬೊಮ್ಮಕ್ಕ. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಹೊನ್ನಯ್ಯನ ಕಣ್ಣು ತುಂಬಿತು. ಸಂಕವ್ವ ಅವನ ಕೈಹಿಡಿದು ಮುಂದೆ ನಡೆಸಿದಳು.

ಗುಡ್ಡದ ನೆತ್ತಿಯಲ್ಲಿ ಜಂಜರ ನಗುತ್ತ ಎದುರಾದ. "ಬಾ ತಾಯಿ. ಒಂದು ಹಗಲು ಇಟ್ಟಿಗೆ ಮನೆಯಲ್ಲಿರು, ಒಂದು ಹಗಲು ಮರದ ಮನೆಯಲ್ಲಿರು. ಮೂರನೆಯ ಹಗಲು ಯಾವುದು ಬೇಕೋ ಹೇಳು. ಬೆಲೆಯನ್ನು ಆಗ ಹೇಳುತ್ತೇನೆ. ಹೊನ್ನು ಕೇಳುವವನಲ್ಲ ನಾನು. ಆದರೆ ಒಂದು ಮಾತು, ಬಾಗಿಲಲ್ಲಿ ಕಾವಲಿನ ಮೃಗವಿದೆ. ಅದು ಹೊರಗೆ ಬಿಡದಿದ್ದರೆ ಆ ಮನೆಯೇ ನಿನ್ನದು."

ಮೊದಲ ಹಗಲು ಇಟ್ಟಿಗೆ ಮನೆ. ಗೋಡೆ ಮೊಳದಪ್ಪ, ಒಳಗೆ ತಂಪೋ ತಂಪು. ಮಧ್ಯಾಹ್ನ ಆಲಿಕಲ್ಲಿನ ಮಳೆ ಬಿದ್ದರೂ ಒಂದು ಹನಿ ಒಳಗೆ ಬರಲಿಲ್ಲ.

"ಇದೇ ಇರಲಿ ಸಂಕಿ," ಎಂದ ಹೊನ್ನಯ್ಯ. "ಬೆಂಕಿ ತಾಗದು, ಗೆದ್ದಲು ಹತ್ತದು. ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡದು."

ಸಂಕವ್ವ ಗೋಡೆಗೆ ಕೆನ್ನೆ ಇಟ್ಟಳು. ಗೋಡೆ ಒದ್ದೆಯಾಗಿತ್ತು. ಇಟ್ಟಿಗೆಗಳು ಒಳಗೊಳಗೇ ಅಳುತ್ತಿದ್ದವು. "ನಾವು ಕೆರೆಯ ತಳದಲ್ಲಿದ್ದೆವು. ನಮ್ಮ ಮೇಲೆ ಕೊಕ್ಕರೆಗಳು ಕಾಲೂರಿ ನಿಲ್ಲುತ್ತಿದ್ದವು," ಎನ್ನುತ್ತಿದ್ದವು.

ಸಂಜೆಗೆ ಹೊರಡಬೇಕೆಂದರೆ ಹಸಿಮಣ್ಣಿನ ಗೂಳಿಯೊಂದು ಕೊಂಬು ಬಾಗಿಸಿ ಬಾಗಿಲಿಗೆ ಅಡ್ಡ ನಿಂತಿತು. ಹೊನ್ನಯ್ಯ ಕೋಲು ಎತ್ತಿದ. ಸಂಕವ್ವ ತಡೆದಳು. ತಾನು ತಂದಿದ್ದ ಬಿಂದಿಗೆಯ ಹೊಳೆನೀರನ್ನು ಬೊಗಸೆಯಲ್ಲಿ ತೆಗೆದು ಗೂಳಿಯ ಮೂತಿಗೆ ಹಿಡಿದಳು. ಗೂಳಿ ಕುಡಿಯಲಿಲ್ಲ, ಮೂಸಿತು. ಮತ್ತೆ ಮತ್ತೆ ಮೂಸಿತು. ಆಮೇಲೆ ತನ್ನ ಕೆರೆಯ ನೆನಪಾದಂತೆ ಮಂಡಿಯೂರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎರಡನೆಯ ಹಗಲು ಮರದ ಮನೆ. ಒಳಗೆ ಕಾಲಿಟ್ಟ ಕೂಡಲೇ ಹಲಗೆ ಮೆಲ್ಲನೆ ಬಾಗಿ ಅವಳ ಪಾದವನ್ನು ಹೊತ್ತುಕೊಂಡಿತು. ತೊಲೆಗಳಿಂದ ಮೇಣದ ಘಮ ಬರುತ್ತಿತ್ತು. ಬೀದಿಯಲ್ಲಿ ಯಾರೋ ಕೆಮ್ಮಿದರೆ ಒಳಗೆ ಕೇಳುತ್ತಿತ್ತು. ಸಂಕವ್ವ ಕೂತಲ್ಲೇ ಒಂದು ಜೊಂಪು ನಿದ್ದೆ ತೆಗೆದಳು.

"ಇಲ್ಲಿ ನಿದ್ದೆ ಬರುತ್ತೆ ನೋಡಿ," ಎಂದಳು ಎದ್ದು.

"ಒಂದು ಕಿಡಿ ಬಿದ್ದರೆ?" ಎಂದ ಹೊನ್ನಯ್ಯ.

"ಒಲೆಯನ್ನು ಹಿತ್ತಲಲ್ಲಿ ಹೂಡಿದರಾಯಿತು."

ಆದರೆ ಇಲ್ಲಿನ ಕಂಬಗಳೂ ನಿಟ್ಟುಸಿರಿಡುತ್ತಿದ್ದವು. ಸಂಜೆಗೆ ಬಾಗಿಲ ಚೌಕಟ್ಟಿನಲ್ಲಿ ಕೆತ್ತಿದ್ದ ಹುಲಿ ಜೀವತಳೆದು ಕೆಳಗೆ ನೆಗೆಯಿತು. "ಹೊರಗೆ ಬಿಡಬೇಕಾದರೆ ಹೇಳು, ನನ್ನ ಕಾಡು ಇನ್ನೂ ಇದೆಯೇ?" ಎಂದು ಗರ್ಜಿಸಿತು.

ಸಂಕವ್ವ ಸುಳ್ಳು ಹೇಳಲಿಲ್ಲ. "ಕಡಿದ ಬೊಡ್ಡೆಗಳೇ ತುಂಬಿವೆ ಹುಲಿರಾಯ. ಆದರೆ ಹರಿಗೋಲಿನಿಂದ ಕಂಡಿದ್ದೇನೆ, ಬೊಡ್ಡೆಗಳಲ್ಲಿ ಚಿಗುರು ಬಂದಿದೆ."

ಹುಲಿಯ ಬಾಲ ನೆಲಕ್ಕಿಳಿಯಿತು. ಅದು ದಾರಿ ಬಿಟ್ಟಿತು.

ಮೂರನೆಯ ಹಗಲು ಜಂಜರನ ಅಂಗಳ. ಅಲ್ಲಿ ಎದೆಯೆತ್ತರದ ಮಣ್ಣಿನ ಗುಡಾಣವೊಂದಿತ್ತು. ಅದರೊಳಗಿಂದ ಜೇನುಗೂಡಿನ ಹಾಗೆ ಗುಂಯ್ಯೆನ್ನುವ ಸದ್ದು.

"ಯಾವ ಮನೆ ತಾಯಿ?"

"ಮರದ ಮನೆ."

"ಒಳ್ಳೆಯದು. ಬೆಲೆ ಕೊಡು. ನಿನ್ನ ಹಂಬಲವನ್ನು ಈ ಗುಡಾಣಕ್ಕೆ ಹಾಕು. ಮನೆ ಸಿಕ್ಕವಳಿಗೆ ಹಂಬಲವೇಕೆ? ಎಲ್ಲರೂ ಕೊಟ್ಟಿದ್ದಾರೆ, ರಾಜನೂ ಕೊಟ್ಟಿದ್ದಾನೆ. ಅವ್ವ ಅವ್ವ ಎಂದು ನಿನ್ನೆದೆ ಹಗಲಿರುಳು ಕೂಗುತ್ತಿದೆಯಲ್ಲ, ಆ ನೋವು ಇವತ್ತಿಗೆ ಮುಗಿಯುತ್ತದೆ."

ಬೊಮ್ಮಕ್ಕನ ಬರಿದಾದ ಕಣ್ಣುಗಳ ಗುಟ್ಟು ಹೊನ್ನಯ್ಯನಿಗೆ ಆಗ ತಿಳಿಯಿತು. "ಬೇಡ ಸಂಕಿ! ನನ್ನದನ್ನು ಕೊಡುತ್ತೇನೆ, ಅದನ್ನು ತೆಗೆದುಕೊಳ್ಳಲಿ," ಎಂದು ಅಡ್ಡ ಬಂದ.

ಸಂಕವ್ವನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ನೀರು ಕಂಡಾಗಲೆಲ್ಲ ಎದೆ ಹಿಂಡುವುದು ನಿಂತರೆ ಎಷ್ಟು ಹಗುರ! ಆದರೆ ಅದು ಹೋದರೆ ಅವ್ವನೂ ಇನ್ನೊಮ್ಮೆ ಹೋದಂತೆ. ಹೊಳೆ ಒಯ್ದಾಗ ಅವಳಿಂದ ಏನೂ ಮಾಡಲಾಗಿರಲಿಲ್ಲ. ಈಗ ತಾನೇ ಕೈಯಾರೆ ಬಿಟ್ಟುಕೊಡುವುದೇ?

ಅವಳು ಗಂಡನನ್ನು ಸರಿಸಿ ಗುಡಾಣದ ಬಳಿಗೆ ಹೋದಳು. ಅದರ ಬಾಯಿಗೆ ಬಗ್ಗಿ, ಇಷ್ಟು ವರ್ಷ ನುಂಗಿಕೊಂಡಿದ್ದ ಕೂಗನ್ನು ಎದೆಯಾಳದಿಂದ ಕೂಗಿದಳು:

"ಅವ್ವಾ!"

ಗುಡಾಣದ ಸದ್ದು ನಿಂತಿತು. ಮರುಗಳಿಗೆ ಒಳಗಿದ್ದ ಹಂಬಲಗಳೆಲ್ಲ ಒಟ್ಟಿಗೆ ಎಚ್ಚೆತ್ತು ಕೂಗಿದವು. ತಮ್ಮಾ ಎಂದಿತು ಒಂದು, ಮಗಳೇ ಎಂದಿತು ಇನ್ನೊಂದು. ಊರು, ಹೊಲ, ಸತ್ತ ಗೆಳೆಯ, ಬಿಟ್ಟುಬಂದ ಎಮ್ಮೆ, ಎಲ್ಲರ ಹೆಸರೂ ಕೇಳಿತು. ಗುಡಾಣ ನಡುಗಿ ಬಿರಿದು ಎರಡು ಹೋಳಾಯಿತು. ಹಂಬಲಗಳು ಬೂದುಬಣ್ಣದ ಹಕ್ಕಿಗಳಾಗಿ ಹಾರಿ, ಅವರವರ ಎದೆಗೆ ಹೋಗಿ ಸೇರಿದವು.

ಜಂಜರನ ಬಲವೆಲ್ಲ ಆ ಗುಡಾಣದಲ್ಲೇ ಇತ್ತು. "ಅಯ್ಯೋ, ನನಗಾಗಿ ಒಂದೂ ಬರಲಿಲ್ಲವಲ್ಲ!" ಎನ್ನುತ್ತಲೇ ಅವನು ಹಿಡಿ ಬೂದಿಯಾದ. ಬೂದಿಯನ್ನು ಗಾಳಿ ಹೊತ್ತೊಯ್ದಿತು.

ಕೆಳಗಿನಿಂದ ಬೊಮ್ಮಕ್ಕ ಏದುಸಿರು ಬಿಡುತ್ತ ಹತ್ತಿ ಬಂದಳು. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. "ಹೊನ್ನಾ! ನನ್ನಪ್ಪಾ, ಎಷ್ಟು ಸೊರಗಿದ್ದೀಯೋ!" ಎಂದು ತಮ್ಮನನ್ನು ತಬ್ಬಿ ಅತ್ತಳು. ರಾಜ ತನ್ನ ಪ್ರಜೆಗಳನ್ನು ನೆನೆದು ಬರಿಗಾಲಲ್ಲೇ ಅರಮನೆಗೆ ಓಡಿದ. ಗೂಳಿ ಕೆರೆಗೆ ಹೋಯಿತು, ಹುಲಿ ಕಾಡಿಗೆ ಹೋಯಿತು. ಮನೆಗಳು ಮಾತ್ರ ನಿಂತವು. "ಕೆರೆಗೆ ಏರಿ ಕಟ್ಟಿ ನೀರು ನಿಲ್ಲಿಸುತ್ತೇವೆ, ಬೊಡ್ಡೆಗಳ ಚಿಗುರನ್ನು ಕಾಯುತ್ತೇವೆ," ಎಂದು ಜನ ಮಾತು ಕೊಟ್ಟ ಮೇಲೆ ಇಟ್ಟಿಗೆಗಳ ಅಳು ನಿಂತಿತು, ಕಂಬಗಳ ನಿಟ್ಟುಸಿರೂ ನಿಂತಿತು.

ಬೊಮ್ಮಕ್ಕ ಇಟ್ಟಿಗೆ ಮನೆಯಲ್ಲೇ ಉಳಿದಳು. ಸಂಕವ್ವ ಮರದ ಮನೆ ಹೊಕ್ಕಳು. ಸುಗ್ಗಿಗೆ ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಮಗುವಿಗೆ ಅವ್ವನ ಹೆಸರನ್ನೇ ಇಟ್ಟರು.

ಒಂದು ಸಂಜೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಬಾಗಿಲಲ್ಲಿ ಕೂತು ಹೊಳೆಯನ್ನು ನೋಡುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಮನೆ ಬಂತಲ್ಲ ಸಂಕಿ, ಇನ್ನೂ ಯಾಕೆ ಅಳುತ್ತೀ?" ಎಂದ ಹೊನ್ನಯ್ಯ.

"ನೀರಿನ ಮೇಲಿದ್ದಾಗ ಅವ್ವನನ್ನು ಎಲ್ಲಿಗೆ ಕರೆಯಲಿ ಅಂತಲೇ ತಿಳಿಯುತ್ತಿರಲಿಲ್ಲ," ಎಂದಳು ಸಂಕವ್ವ. "ಈಗ ಬಾ ಅನ್ನೋಕೆ ಒಂದು ಮನೆ ಇದೆ."

ಹೊನ್ನಯ್ಯ ಬಂದು ಅವಳ ಪಕ್ಕದಲ್ಲಿ ಕೂತ. ಮಗು ನಿದ್ದೆಯಲ್ಲಿ ನಕ್ಕಿತು. ಚೆಂಬೊಳಲಿನ ಜನ ಅಂದಿನಿಂದ ಒಬ್ಬರನ್ನೊಬ್ಬರು ನೆನೆಯುತ್ತ, ಒಬ್ಬರಿಗಾಗಿ ಒಬ್ಬರು ಕಾಯುತ್ತ, ತಮ್ಮ ತಮ್ಮ ಮನೆಗಳಲ್ಲಿ ಬಹುಕಾಲ ಸುಖವಾಗಿ ಬಾಳಿದರು.