ಎರವಲು ಹೆಸರಿನ ಪ್ರೊಸೆಸರ್

೨೦೬೧ರ ಆ ಬೆಳಿಗ್ಗೆ ಹೊಸಕೋಡಿ ಬಂದರಿನ ಕಂಪ್ಯೂಟರ್ ಕಡಲ ಗಾಳಿಯ ಲೆಕ್ಕ ಹಾಕುತ್ತಿತ್ತು. ಅದರೊಳಗೆ ಆಗಷ್ಟೇ ಕೂರಿಸಿದ, ನದಿ ಕಡಲು ಸೇರುವ ಜಾಗದ ಹೆಸರು ಹೊತ್ತ 'ಅಳಿವೆ' ಪ್ರೊಸೆಸರ್. ನಮ್ಮ ಕರಾವಳಿಯಲ್ಲೇ ಹುಟ್ಟಿದ್ದು, ಹೊರಗಿನಿಂದ ತಂದದ್ದಲ್ಲ! ಇನ್ನೂರು ಕೋರ್, ಅಂದರೆ ಏಕಕಾಲಕ್ಕೆ ಇನ್ನೂರು ಕಡೆ ಲೆಕ್ಕ ಮಾಡುವ ತಾಕತ್ತು. ದಿಢೀರನೆ ಏಳುವ ಬಿರುಗಾಳಿಯನ್ನು ಗಂಟೆ ಮೊದಲೇ ಹೇಳಬಲ್ಲಂಥದ್ದು ಜಗತ್ತಿನಲ್ಲಿ ಇದೊಂದೇ. ಪ್ರಯೋಗಾಲಯದಲ್ಲಿ ಚಕಚಕನೆ ಓಡಿದ್ದು ಇಲ್ಲಿ ಮಾತ್ರ ಆಮೆಯಂತೆ ತೆವಳುತ್ತಿತ್ತು.

"ಪರದೆ ಮೇಲೆ ಎಂತದೋ ಹಳೇ ಪರದೇಶಿ ಚಿಪ್ಪಿನ ಹೆಸರು ಬರ್ತಾ ಉಂಟಲ್ಲ ಮಾರಾಯ್ತಿ, ನಾಲ್ಕೇ ಕೋರ್ ಅಂತೆ. ಬೇರೆಯದ್ದು ತಂದು ಹಾಕಿದ್ರಾ ಹೇಗೆ?" ಎಂದರು ಬಂದರಿನ ಉಸ್ತುವಾರಿ ಸದಾನಂದ ಮೊಗೇರರು. ಪಡುವಣ ಬಾನು ಕಪ್ಪಾಗುತ್ತಿತ್ತು. ಕಡಲಿಗಿಳಿದಿದ್ದ ದೋಣಿಗಳಲ್ಲಿ ಒಂದನ್ನು ಅವರ ಮಗಳು ವಾರಿಜಳೇ ನಡೆಸುತ್ತಿದ್ದಳು.

ಅಳಿವೆಯನ್ನು ರೂಪಿಸಿದ ವಿಜ್ಞಾನಿ ಮಂದಾಕಿನಿ ಖಾರ್ವಿ ಪೆಟ್ಟಿಗೆ ಬಿಚ್ಚಿ ನೋಡಿದಳು. ಚಿಪ್ ಸರಿಯಾದದ್ದೇ. ಮರುಕ್ಷಣ ಹಣೆ ಚಚ್ಚಿಕೊಂಡಳು.

"ಸುಳ್ಳು ಹೇಳ್ತಿರೋದು ಕಂಪ್ಯೂಟರ್ ಅಲ್ಲ ಸದಾನಂದಣ್ಣ, ನಮ್ಮ ಚಿಪ್ಪೇ. ಇಲ್ಲಿನ ಪ್ರೋಗ್ರಾಂ ಮೊದಲು 'ನೀನ್ಯಾರು' ಅಂತ ಕೇಳ್ತದೆ. ಹೊಸ ಹೆಸರು ಹೇಳಿದ್ರೆ ಎಲ್ಲಿ ಒಪ್ಪೂದಿಲ್ವೋ ಅಂತ ಹೆದರಿ, ಆ ಪರದೇಶಿ ಹೆಸರು ಹೇಳ್ಲಿಕ್ಕೆ ನಾವೇ ಕಲಿಸಿದ್ದು. ಪ್ರೋಗ್ರಾಂ ಅದನ್ನೇ ನಂಬಿ ನಾಲ್ಕು ಕೋರಿಗಷ್ಟೇ ಕೆಲಸ ಕೊಟ್ಟಿದೆ. ಉಳಿದವು ಸುಮ್ಮನೆ ಕೂತಿವೆ."

"ಹಾಗಾದ್ರೆ ಸರಿ ಹೆಸರು ಹಾಕು."

"ಪ್ರೋಗ್ರಾಂ ಒಪ್ಪದೆ ನಿಂತೇ ಹೋದ್ರೆ? ಈಗ ಬರುವ ಅರೆಬರೆ ಸೂಚನೆಯೂ ಇರೂದಿಲ್ಲ. ವಾರಿಜ ಕಡಲಲ್ಲಿದ್ದಾಳೆ."

ಸದಾನಂದರಿಗೆ ರೇಗಿತು. "ಅವಳು ಅಲ್ಲಿರೂದಕ್ಕೇ ಹೇಳೂದು! ಹಗಲೂ ರಾತ್ರಿ ಕೂತು ಮಾಡಿದ್ದು ನೀವಲ್ವಾ? ನಿಮ್ಮದೇ ಹೆಸರು ಹೇಳ್ಲಿಕ್ಕೆ ಎಂತ ನಾಚಿಕೆ?"

ಮಂದಾಕಿನಿಗೆ ಆ ಮಾತು ನಾಟಿತು. ಚಿಪ್ಪಿನ ಹೆಸರಿನ ಜಾಗದಲ್ಲಿ 'ಅಳಿವೆ, ಇನ್ನೂರು ಕೋರ್' ಎಂದು ತುಂಬಿ, ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಹಾಕಿದಳು. ಪರದೆ ಕಪ್ಪಾಗಿಯೇ ಉಳಿಯಿತು. ಸದಾನಂದರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಕೊನೆಗೆ ಹೆಸರು ಮೂಡಿತು, ಕನ್ನಡದಲ್ಲೇ. ಇನ್ನೂರು ಕೋರ್‌ಗಳೂ ದುಡಿಯತೊಡಗಿದವು. ಪರದೆ ಎಚ್ಚರಿಸಿತು: ಮುಕ್ಕಾಲು ಗಂಟೆಯಲ್ಲಿ ವಾಯವ್ಯದಿಂದ ಬಿರುಗಾಳಿ! ಸೈರನ್ ಕೂಗಿತು, ದೋಣಿಗಳು ತಿರುಗಿದವು. ಗಾಳಿ ಅಪ್ಪಳಿಸುವಷ್ಟರಲ್ಲಿ ವಾರಿಜ ದಡದಲ್ಲಿ ನಿಂತು ಹಗ್ಗ ಬಿಗಿಯುತ್ತಿದ್ದಳು. ಸದಾನಂದರು ಎಲ್ಲರೆದುರೇ ಅತ್ತುಬಿಟ್ಟರು.

ಸುದ್ದಿ ಹಬ್ಬಿ ಬೇರೆ ಬೇರೆ ದೇಶಗಳ ಬಂದರುಗಳಿಂದ ಬೇಡಿಕೆ ಬಂತು. ಅಂಥದೊಂದು ಬಂದರಿನ ಎಂಜಿನಿಯರ್ ಒಬ್ಬ ವಿನಯದಿಂದಲೇ ಕೇಳಿದ: "ನಮ್ಮ ಪ್ರೋಗ್ರಾಮಿಗೆ ಅಳಿವೆ ಯಾರೆಂದು ಗೊತ್ತಿಲ್ಲ. ನಿಮ್ಮ ಚಿಪ್ ಹಳೆಯ ಹೆಸರನ್ನೇ ಹೇಳುವಂತೆ ಮಾಡಿಕೊಡುತ್ತೀರಾ?"

ಎಷ್ಟೋ ವರ್ಷಗಳಿಂದ ನಾವು ಇಂಥ ಕೋರಿಕೆಗೆಲ್ಲ 'ಆಗಲಿ' ಎಂದೇ ತಲೆಯಾಡಿಸಿಕೊಂಡು ಬಂದವರು. ಅಷ್ಟೂ ಕಾಲ ನಮ್ಮೊಳಗಿನ ಎಷ್ಟು ಬಲ ಕೆಲಸವಿಲ್ಲದೆ ಕೂತಿತ್ತೋ, ಲೆಕ್ಕ ಇಟ್ಟವರಿಲ್ಲ.

ಮಂದಾಕಿನಿ ನಕ್ಕಳು. "ಇಲ್ಲ ಸ್ವಾಮಿ. ನಿಮ್ಮ ಪ್ರೋಗ್ರಾಮಿಗೇ ನಮ್ಮ ಹೆಸರು ಕಲಿಸಿ."